ಹಾಲು ಬಿಡುವ ಮುನ್ನ ಮುದ್ದೆಯ ಲೆಕ್ಕ

ಬೆಳಗಿನ ಕಾಫಿ ಕುಡಿದು ಅರ್ಧ ಗಂಟೆಯೊಳಗೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಉಬ್ಬರ, ಗಾಳಿ, ಒಮ್ಮೊಮ್ಮೆ ಭೇದಿಯ ಆತುರ. ಆಂಧ್ರದ ಗಡಿಯ ರಾಯದುರ್ಗದಿಂದ ಬಳ್ಳಾರಿಗೆ, ಮಡಕಶಿರಾದಿಂದ ಹಿಂದೂಪುರಕ್ಕೋ ಶಿರಾಕ್ಕೋ ಬಸ್ಸು ಹಿಡಿಯಬೇಕಾದವರು ಇದಕ್ಕೆ ಹೆದರಿ ಏನೂ ಕುಡಿಯದೆ ಮನೆ ಬಿಡುತ್ತಾರೆ. ಹೀಗೆ ಕೆಲವು ತಿಂಗಳು ನರಳಿದ ಮೇಲೆ ಒಂದು ದಿನ ರೋಸಿಹೋಗಿ, ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಒಟ್ಟಿಗೇ ಬಿಟ್ಟುಬಿಡುತ್ತಾರೆ. ನನ್ನ ಅಕ್ಕ ಮಾಡಿದ್ದೂ ಇದನ್ನೇ. ಎರಡು ವರ್ಷ ಅನ್ನ, ಬೇಳೆ ಸಾರು, ಕಡ್ಲೆಕಾಯಿ ಚಟ್ನಿಯಲ್ಲೇ ಕಳೆದಳು. ಹೊಟ್ಟೆ ಸರಿಹೋಯಿತು. ಆದರೆ ಸೊಂಟ ನೋವು ಹತ್ತಿತು, ಅಂಗಾಲು ಜುಮುಗುಡತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ಜೀವಸತ್ವ ತಳ ಮುಟ್ಟಿತ್ತು.

ಹಾಲು ಬಿಡಬಾರದು ಎಂದು ನಾನು ಹೇಳುತ್ತಿಲ್ಲ. ಬಿಡಲು ಸರಿಯಾದ ಕಾರಣಗಳು ಇವೆ, ಬಿಟ್ಟು ಚೆನ್ನಾಗಿ ಬದುಕಲೂಬಹುದು. ಆದರೆ ಎಷ್ಟು ಬಿಡಬೇಕು ಅನ್ನುವುದನ್ನು ಹೇಳುವುದು ಕಾರಣ. ಅದನ್ನು ತಿಳಿಯದೆ ಬಿಟ್ಟರೆ ಬೇಕಾದ್ದಕ್ಕಿಂತ ಹೆಚ್ಚು ಬಿಡುತ್ತೇವೆ, ಇಲ್ಲವೇ ಬಿಡಲೇಬೇಕಾದ್ದನ್ನು ಉಳಿಸಿಕೊಳ್ಳುತ್ತೇವೆ. ಫ್ಲೋರೈಡ್ ನೀರಿನ ನಮ್ಮ ಸೀಮೆಯಲ್ಲಿ ಈ ತಪ್ಪಿಗೆ ಮೂಳೆ ಬೆಲೆ ತೆರಬೇಕಾಗುತ್ತದೆ.

ಹೊಟ್ಟೆಯೊಳಗೆ ಆಗುವುದೇನು

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಅದು ಹೆಚ್ಚುಕಡಿಮೆ 5 ಗ್ರಾಂ ಇರುತ್ತದೆ. ಇದನ್ನು ಒಡೆದು ಮೈಗೆ ಹಿಡಿಯುವಂತೆ ಮಾಡುವುದು ಸಣ್ಣ ಕರುಳಿನ ಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ. ಎದೆಹಾಲು ಕುಡಿಯುವ ಕೂಸಿನಲ್ಲಿ ಅದು ಧಾರಾಳವಾಗಿರುತ್ತದೆ. ಹಾಲು ಬಿಡಿಸಿದ ಮೇಲೆ ವರ್ಷ ವರ್ಷಕ್ಕೂ ತಗ್ಗುತ್ತಾ ಹೋಗುತ್ತದೆ. ಜಗತ್ತಿನ ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಹೀಗೇ ಆಗುತ್ತದೆ. ನಮ್ಮ ದೇಶದಲ್ಲಿ ವಾಯವ್ಯದ ಕಡೆಯವರಿಗಿಂತ ದಕ್ಷಿಣದವರಲ್ಲಿ ಇದು ಹೆಚ್ಚು. ಆದ್ದರಿಂದ ಇದನ್ನು ರೋಗವೆಂದು ತಿಳಿದು ಕಂಗಾಲಾಗಬೇಡಿ, ನಿಮ್ಮ ಮೈಯ ಸ್ವಭಾವವೇ ಅಷ್ಟು.

ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿದಾಗ ಗಾಳಿ ಹುಟ್ಟುತ್ತದೆ, ಸಕ್ಕರೆ ನೀರನ್ನು ಎಳೆದುಕೊಂಡಾಗ ಭೇದಿಯಾಗುತ್ತದೆ. ಹಾಗಿದ್ದೂ ಲ್ಯಾಕ್ಟೇಸ್ ಕಡಿಮೆ ಇರುವ ಬಹುಪಾಲು ಜನ ದಿನಕ್ಕೆ 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಒಂದು ಲೋಟ ಹಾಲನ್ನು, ಊಟದ ಜೊತೆ ತೆಗೆದುಕೊಂಡರೆ ತಡೆಯಬಲ್ಲರು. ಮೊಸರಾಗುವಾಗ ಹೆಪ್ಪಿನ ಸೂಕ್ಷ್ಮಜೀವಿಗಳು ಸಕ್ಕರೆಯಲ್ಲಿ ಒಂದಷ್ಟನ್ನು ತಾವೇ ತಿಂದಿರುತ್ತವೆ, ಉಳಿದದ್ದನ್ನು ಒಡೆಯುವ ಕಿಣ್ವವನ್ನೂ ತಮ್ಮೊಡನೆ ತರುತ್ತವೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು. ‘ಹಾಲು ಆಗಲ್ಲ, ಮಜ್ಜಿಗೆ ಆಗ್ತದೆ’ ಎನ್ನುವ ಅಜ್ಜಿಯ ಮಾತಿಗೆ ಇದೇ ಆಧಾರ.

ಹಾಲಿನ ಅಲರ್ಜಿ ಬೇರೆಯೇ ಸಂಗತಿ. ಅಲ್ಲಿ ಜಗಳ ಸಕ್ಕರೆಯ ಜೊತೆಗಲ್ಲ, ಹಾಲಿನ ಪ್ರೋಟೀನ್ ಜೊತೆಗೆ. ಮೈಮೇಲೆ ದದ್ದು, ತುಟಿ ಊದುವುದು, ವಾಂತಿ, ಉಬ್ಬಸ ಬರುತ್ತವೆ. ಹೆಚ್ಚಾಗಿ ಕೂಸುಗಳಲ್ಲಿ ಕಾಣುತ್ತದೆ, ಬಹಳ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ. ಇರುವಷ್ಟು ದಿನ ಮಾತ್ರ ಒಂದು ಹನಿಯೂ ಅಪಾಯ. ಮೊಸರು, ಬೆಣ್ಣೆ, ತುಪ್ಪ ಯಾವುದಕ್ಕೂ ವಿನಾಯಿತಿಯಿಲ್ಲ. ಮೇಕೆ ಹಾಲಿನ ಪ್ರೋಟೀನೂ ಹೆಚ್ಚುಕಡಿಮೆ ಹಸುವಿನ ಹಾಲಿನದರಂತೆಯೇ ಇರುವುದರಿಂದ ಅದೂ ಆಗದು.

ನಿಮ್ಮ ಕಾರಣ ಯಾವುದು?

1. ಹೊಟ್ಟೆಗೆ ಆಗುವುದಿಲ್ಲ: ಬಿಡಬೇಕಾದ್ದು ಹೆಪ್ಪು ಹಾಕದ ಹಾಲಿನ ರೂಪಗಳನ್ನು, ಅಂದರೆ ಲೋಟದ ಹಾಲು, ಹಾಲು ಹೆಚ್ಚಾದ ಕಾಫಿ, ಪಾಯಸ, ಖೋವಾ, ಗಿಣ್ಣು. ಮಜ್ಜಿಗೆ ಮತ್ತು ತುಪ್ಪ ಬಹುಶಃ ಉಳಿಯುತ್ತವೆ. ಲ್ಯಾಕ್ಟೋಸ್ ತೆಗೆದ ಹಾಲೂ ಪಟ್ಟಣದ ಅಂಗಡಿಗಳಲ್ಲಿ ಸಿಗುತ್ತದೆ.

2. ಅಲರ್ಜಿ: ಎಲ್ಲವನ್ನೂ ಬಿಡಬೇಕು, ವೈದ್ಯರ ಕಣ್ಗಾವಲಿನಲ್ಲಿ.

3. ಹಾಲಿನ ಮೇಲೆ ನಂಬಿಕೆ ಹೋಗಿದೆ: ಕಲಬೆರಕೆಯ ಸುದ್ದಿ ಕೇಳಿ ಬಿಡುವವರು ಬಹಳ ಜನ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಮಾದರಿಗಳನ್ನು ಪರೀಕ್ಷಿಸಿತು. ಜೀವಕ್ಕೆ ಕೆಡುಕಾಗುವ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಆದರೆ 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು. ಕಡ್ಲೆಕಾಯಿ ಬೆಳೆಯುವ ನಮಗೆ ಇದು ಮುಖ್ಯ. ಮಳೆಗೆ ಸಿಕ್ಕ ಕಾಯಿಗೆ, ಒದ್ದೆ ನೆಲದಲ್ಲಿಟ್ಟ ಹಿಂಡಿಗೆ ಬೂಷ್ಟು ಹಿಡಿಯುತ್ತದೆ, ಹಸು ಅದನ್ನು ತಿಂದರೆ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೆ ಹೋಗುವುದಿಲ್ಲ. ಮನೆಯ ಹಸುವಾದರೆ ಹಿಂಡಿಯನ್ನು ಮಣೆಯ ಮೇಲೆ ಒಣಗಿದ ಕಡೆ ಇಡಿ, ಬೂಷ್ಟು ಕಂಡದ್ದನ್ನು ಎಸೆಯಿರಿ. ಈ ಕಾರಣಕ್ಕೆ ಹಾಲು ಬಿಟ್ಟು, ಜಳ್ಳು ಮತ್ತು ಬೂಷ್ಟು ಬೆರೆತ ಅಗ್ಗದ ಕಡ್ಲೆಕಾಯಿ ತಿಂದರೆ ಅದೇ ವಿಷವನ್ನು ನೇರವಾಗಿ ತಿಂದಂತೆ.

4. ಮನಸ್ಸು ಒಪ್ಪುವುದಿಲ್ಲ: ಉಳುಮೆ ಟ್ರ್ಯಾಕ್ಟರಿಗೆ ಹೋದ ಮೇಲೆ ಗಂಡು ಕರು ಯಾರಿಗೂ ಬೇಡವಾಗಿದೆ. ಹಟ್ಟಿಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಗೊತ್ತು. ಆ ಸಂಕಟದಿಂದ ಹಾಲು ಬಿಟ್ಟವರನ್ನು ನಾನು ಗೌರವಿಸುತ್ತೇನೆ. ಗಾಂಧೀಜಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ 1912ರಲ್ಲಿ ಹಾಲು ತೊರೆದರು. ಹಾಲು ಆಸೆಗಳನ್ನು ಕೆರಳಿಸುತ್ತದೆ ಎಂಬ ನಂಬಿಕೆ ಅವರಿಗೆ ಮೊದಲೇ ಇತ್ತು. ಕೊನೆಯ ಹನಿಯನ್ನೂ ಹಿಂಡಲು ಹಸುವಿಗೆ ಕೊಡುತ್ತಿದ್ದ ಹಿಂಸೆಯ ವಿವರ ಓದಿದ ಮೇಲೆ ನಿರ್ಧಾರ ಗಟ್ಟಿಯಾಯಿತು. ಮುಂದೆ ಕಾಯಿಲೆ ಬಿದ್ದು ಚೇತರಿಸಿಕೊಳ್ಳಲಾಗದೆ, ಕಸ್ತೂರಬಾ ಅವರ ಮಾತಿಗೆ ಒಪ್ಪಿ ಮೇಕೆ ಹಾಲು ಕುಡಿದರು. ಹಾಲಿನ ಜಾಗ ತುಂಬುವ ಇನ್ನೊಂದು ವಸ್ತು ಅವರಿಗೆ ಸಿಕ್ಕಿರಲಿಲ್ಲ. ಇಂದು ನಮಗೆ ಯಾವ ಅಂಶ ಎಲ್ಲಿದೆ ಎಂಬ ಪಟ್ಟಿ ಇದೆ, ಬಿ12 ಮಾತ್ರೆ ಇದೆ. ಆದ್ದರಿಂದ ಪೂರ್ತಿ ಬಿಡುವವರು ಸಂಕಲ್ಪದ ಜೊತೆ ಅಡುಗೆಮನೆಯ ಸಿದ್ಧತೆಯನ್ನೂ ಮಾಡಿಕೊಳ್ಳಿ.

ಈ ನೆಲದಲ್ಲಿ ಮೊದಲು ಸುಣ್ಣದ ಅಂಶ

ಮೂರು ಕಡೆ ತುಮಕೂರು ಸೀಮೆ ಸುತ್ತಿಕೊಂಡ ಮಡಕಶಿರಾ 2022ರ ಏಪ್ರಿಲ್‌ನಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಈಗಲೂ ಅನಂತಪುರದಲ್ಲೇ ಇದೆ. ಗೆರೆ ಎಲ್ಲಿ ಎಳೆದರೂ ಮಳೆ ಕಡಿಮೆ, ಬೋರು ಆಳ. ಅನಂತಪುರದ ಹಲವು ಕಡೆ, ಪಕ್ಕದ ಪಾವಗಡದಲ್ಲೂ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಗೆರೆ, ಬಗ್ಗದ ಸೊಂಟ, ನೆಟ್ಟಗಾಗದ ಮೊಣಕೈ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎನ್ನುತ್ತದೆ ಭಾರತೀಯ ಮಾನಕ.

ಊಟದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಸಾಕಷ್ಟಿದ್ದರೆ ಅದು ಕರುಳಿನಲ್ಲೇ ಫ್ಲೋರೈಡಿಗೆ ಅಂಟಿಕೊಂಡು ಒಂದಷ್ಟನ್ನು ಹೊರಗೆ ಕಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಅದೇ ನೀರು ಮೂಳೆಗೆ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿರುವ ನಿಮ್ಮ ಮಗಳು ಹಾಲು ಬಿಡುವುದೂ, ಬೋರಿನ ನೀರು ಕುಡಿಯುವ ನೀವು ಬಿಡುವುದೂ ಒಂದೇ ಅಲ್ಲ.

ಈಗ ಲೆಕ್ಕ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತ ಹೆಂಗಸರಿಗೂ ಬಾಣಂತಿಯರಿಗೂ 1,200. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 590 ಮಿಲಿಗ್ರಾಂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 364, ಹುರುಳಿಯಲ್ಲಿ ಸುಮಾರು 270, ನುಗ್ಗೆಸೊಪ್ಪಿನಲ್ಲಿ 314, ಸಿಪ್ಪೆ ಸಮೇತ ಎಳ್ಳಿನಲ್ಲಿ 1,100ಕ್ಕೂ ಮೇಲೆ ಇದೆ. ಅಕ್ಕಿಯಲ್ಲಿ 10 ಕೂಡ ಇಲ್ಲ.

ಮಡಕಶಿರಾ ಕಡೆಯ ಮುದ್ದೆಯ ಮನೆಯಲ್ಲಿ ತಲೆಗೆ 200 ಗ್ರಾಂ ಹಿಟ್ಟು, 40 ಗ್ರಾಂ ಹುರುಳಿಯ ಸಾರು, 50 ಗ್ರಾಂ ನುಗ್ಗೆಸೊಪ್ಪು, 20 ಗ್ರಾಂ ಎಳ್ಳಿನ ಪುಡಿ ಸೇರಿದರೆ ಹಾಲಿಲ್ಲದೆಯೇ 1,200 ದಾಟುತ್ತದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ಏಕೆಂದರೆ ರಾಗಿಯಲ್ಲಿರುವ ಫೈಟೇಟ್ ಒಂದಿಷ್ಟನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದಲೇ ಲೆಕ್ಕ ಸ್ವಲ್ಪ ಧಾರಾಳವಾಗಿರಬೇಕು. ರಾಗಿಯನ್ನು ಮೊಳಕೆ ಕಟ್ಟಿಸಿದರೆ, ಹಿಟ್ಟನ್ನು ಹುಳಿ ಬರಿಸಿದರೆ ಫೈಟೇಟ್ ತಗ್ಗುತ್ತದೆ.

ರಾಯದುರ್ಗದ ರೊಟ್ಟಿಯ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಜೋಳದಲ್ಲೂ ಸಜ್ಜೆಯಲ್ಲೂ 100 ಗ್ರಾಂಗೆ 30 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಕಷ್ಟ. ಅವರು ಬೆಳಿಗ್ಗೆ 100 ಗ್ರಾಂ ರಾಗಿಯ ಅಂಬಲಿಯನ್ನೋ ರೊಟ್ಟಿಯನ್ನೋ ಸೇರಿಸಿಕೊಂಡು, ಎಳ್ಳು, ಹುರುಳಿ, ಸೊಪ್ಪು ತಪ್ಪಿಸದಿದ್ದರೆ 900ರ ಆಸುಪಾಸಿಗೆ ಬರುತ್ತಾರೆ.

ಅನ್ನದ ಮನೆಯ ಚಿಂತೆ ಎಲ್ಲಕ್ಕಿಂತ ದೊಡ್ಡದು. ಎನ್.ಟಿ. ರಾಮರಾವ್ ಅವರ ಸರ್ಕಾರ 1983ರಲ್ಲಿ ಕಿಲೋಗೆ 2 ರೂಪಾಯಿಯ ಅಕ್ಕಿ ತಂದಾಗ ಅದು ಹಸಿದ ಮನೆಗಳಿಗೆ ದೊಡ್ಡ ಆಸರೆಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ಹೊತ್ತೂ ಅನ್ನವಾಗಿ ಮುದ್ದೆ ಹಿಂದೆ ಸರಿದ ಮನೆಗಳಲ್ಲಿ ಕ್ಯಾಲ್ಸಿಯಂ ತರುತ್ತಿರುವುದು ಕಾಫಿಯ ಹಾಲು, ರಾತ್ರಿಯ ಮಜ್ಜಿಗೆ ಅಷ್ಟೇ. ಅಂಥ ಮನೆಯವರು ಹಾಲು ಬಿಡುವ ಮೊದಲು ಮುದ್ದೆಯನ್ನು ವಾಪಸು ತರಬೇಕು. ಅದಾಗುವವರೆಗೆ ಮಜ್ಜಿಗೆಯನ್ನು ಬಿಡಬೇಡಿ.

ಬಿಡುವ ಕ್ರಮ

1. ಒಂದು ವಾರ ಬರೆದಿಡಿ. ಯಾವಾಗ ಏನು ತಿಂದಿರಿ, ಎಷ್ಟು ಹೊತ್ತಿಗೆ ಹೊಟ್ಟೆ ಕೆಟ್ಟಿತು. ಲ್ಯಾಕ್ಟೋಸಿನ ತೊಂದರೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತೋರುತ್ತದೆ. ಹೊಟ್ಟೆ ಕೆಡಿಸಿದ್ದು ಕಾಫಿಯ ಡಿಕಾಕ್ಷನ್ನೋ ಹಾಲೋ ತಿಳಿಯಲು ಒಂದು ದಿನ ಹಾಲಿಲ್ಲದ ಕಾಫಿ, ಇನ್ನೊಂದು ದಿನ ಕಾಫಿಯಿಲ್ಲದ ಹಾಲು ಕುಡಿದು ನೋಡಿ.

2. ಬದಲಿ ಊಟ ಮೊದಲು ರೂಢಿಯಾಗಲಿ. ಮುದ್ದೆ, ಹುರುಳಿ, ಸೊಪ್ಪು, ಎಳ್ಳು ಎರಡು ವಾರ ಮನೆಯಲ್ಲಿ ನಿಲ್ಲಲಿ. ಎಳ್ಳನ್ನು ಹುರಿದು ಪುಡಿ ಮಾಡಿ, ಇಡಿಯಾಗಿ ತಿಂದರೆ ಹಾಗೇ ಹೊರಗೆ ಹೋಗುತ್ತದೆ.

3. ಆಮೇಲೆ ಎರಡು ವಾರ ಹಾಲಿನ ಪದಾರ್ಥ ಪೂರ್ತಿ ನಿಲ್ಲಿಸಿ. ಬಿಸ್ಕತ್ತು, ಬ್ರೆಡ್, ಚಾಕೊಲೆಟ್ ಪೊಟ್ಟಣದ ಹಿಂದೆ ‘ಹಾಲಿನ ಘನಾಂಶ’, ‘ವೇ ಪುಡಿ’ ಎಂದಿದ್ದರೆ ಅದೂ ಹಾಲೇ. ಹೊಟ್ಟೆಯಲ್ಲಿ ಏನೂ ಬದಲಾಗದಿದ್ದರೆ ತಪ್ಪು ಹಾಲಿನದಲ್ಲ, ಬೇರೆ ಕಾರಣ ಹುಡುಕಿಸಿ.

4. ಒಂದೊಂದಾಗಿ ವಾಪಸು ತನ್ನಿ. ಮೊದಲು ತುಪ್ಪ, ಮೂರು ದಿನ ಬಿಟ್ಟು ಮಜ್ಜಿಗೆ, ಆಮೇಲೆ ಗಟ್ಟಿ ಮೊಸರು, ಕೊನೆಗೆ ಊಟದ ಜೊತೆ 100 ಮಿಲಿಲೀಟರ್ ಹಾಲು. ಎಲ್ಲಿ ಹೊಟ್ಟೆ ಕೆಟ್ಟಿತೋ ಅದೇ ನಿಮ್ಮ ಗೆರೆ. ಅಲರ್ಜಿಯ ಗುಮಾನಿ ಇದ್ದವರು ಈ ಪ್ರಯೋಗವನ್ನು ಮನೆಯಲ್ಲಿ ಮಾಡಲೇಕೂಡದು.

5. ಮನಸ್ಸಿನ ಕಾರಣಕ್ಕೆ ಬಿಡುವವರಿಗೆ ಮೂರನೆಯ ಹಂತವೇ ಕೊನೆಯದು. ಪೊಟ್ಟಣದ ತಿಂಡಿ ಕೊಳ್ಳುವಾಗ 2022ರ ನಿಯಮದಂತೆ ಬಂದಿರುವ ಹಸಿರು ವೀಗನ್ ಗುರುತು, ಅಂದರೆ ಪ್ರಾಣಿಜನ್ಯ ಏನೂ ಇಲ್ಲವೆಂಬ ಗುರುತು, ಇದೆಯೇ ನೋಡಿ. ಮೊಟ್ಟೆ, ಮಾಂಸ ತಿನ್ನದವರು ವೈದ್ಯರನ್ನು ಕೇಳಿ ಬಿ12 ಮಾತ್ರೆಯನ್ನು ಅಂದೇ ಶುರು ಮಾಡಿ. ಈ ಜೀವಸತ್ವ ಕಾಳಿನಲ್ಲಿ, ಸೊಪ್ಪಿನಲ್ಲಿ, ಧಾನ್ಯದಲ್ಲಿ ಇಲ್ಲ. ಪಿತ್ತಜನಕಾಂಗದಲ್ಲಿ ದಾಸ್ತಾನು ಇದ್ದವರಿಗೆ ಕೊರತೆ ತಟ್ಟಲು ವರ್ಷಗಳೇ ಹಿಡಿಯುವುದರಿಂದ ‘ನನಗೇನೂ ಆಗಿಲ್ಲವಲ್ಲ’ ಎಂದು ಮೋಸ ಹೋಗುತ್ತೇವೆ. ನನ್ನ ಅಕ್ಕನ ದಾಸ್ತಾನು ಮೊದಲೇ ಕಡಿಮೆಯಿದ್ದಿರಬೇಕು.

ಮಜ್ಜಿಗೆಯಿಲ್ಲದ ಅಂಬಲಿ, ಕಡ್ಲೆಕಾಯಿ ಹಾಲು

ರಾತ್ರಿ ಮೂರು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಕಲಸಿ ಮುಚ್ಚಿಡಿ. ಬೆಳಿಗ್ಗೆಗೆ ತೆಳು ಹುಳಿ ಬಂದಿರುತ್ತದೆ. ಎರಡು ಲೋಟ ನೀರು ಕುದಿಸಿ, ಅದನ್ನು ಸುರಿದು, ಗಂಟಾಗದಂತೆ ಹತ್ತು ನಿಮಿಷ ತಿರುವಿ. ಆರಿದ ಮೇಲೆ ಉಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು ಹಾಕಿ. ಹುಳಿ ಸಾಲದಿದ್ದರೆ ಅರ್ಧ ನಿಂಬೆಹಣ್ಣು ಹಿಂಡಿ. ಮಜ್ಜಿಗೆ ಇಲ್ಲವೆಂಬುದು ನಾಲ್ಕನೆಯ ದಿನಕ್ಕೆ ನಾಲಿಗೆಗೆ ಮರೆತುಹೋಗುತ್ತದೆ.

ಕಡ್ಲೆಕಾಯಿ ಬೀಜವನ್ನು, ರಾಯದುರ್ಗದ ಮಾತಿನಲ್ಲಿ ಶೇಂಗಾ, ಆರು ಗಂಟೆ ನೆನೆಹಾಕಿ. ಮುದುಡಿದ್ದು, ಕಪ್ಪಾದದ್ದು, ಕಹಿ ಇರುವುದನ್ನು ಆರಿಸಿ ತೆಗೆಯಿರಿ. ಸಿಪ್ಪೆ ಉಜ್ಜಿ, ಒಂದು ಲೋಟ ಬೀಜಕ್ಕೆ ನಾಲ್ಕು ಲೋಟ ನೀರಿನಂತೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹತ್ತು ನಿಮಿಷ ಕೈಬಿಡದೆ ಕುದಿಸಿ. ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಬೆಳಗಿನದು ಮಧ್ಯಾಹ್ನದೊಳಗೆ ಮುಗಿಯಬೇಕು. ಪಾಯಸಕ್ಕೆ, ಶಾವಿಗೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಬಿಸಿ ಕಾಫಿಗೆ ಹಾಕಿದರೆ ಒಡೆಯಬಹುದು, ಅದಕ್ಕೆ ಬೆಲ್ಲ ಹಾಕಿದ ಕರಿ ಕಾಫಿಯೇ ವಾಸಿ. ಕಡ್ಲೆಕಾಯಿಯೇ ಅಲರ್ಜಿಯಾದವರು ಇದರ ಹತ್ತಿರ ಹೋಗಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

*ಕಡ್ಲೆಕಾಯಿ ಹಾಲು ಹಾಲಿಗೆ ಸಮ ಎಂದುಕೊಳ್ಳುವುದು.* ಪ್ರೋಟೀನ್, ಎಣ್ಣೆ ಅಂಶ ಇದೆ, ನಿಜ. ಆದರೆ 100 ಗ್ರಾಂ ಬೀಜದಲ್ಲೇ ಕ್ಯಾಲ್ಸಿಯಂ 100 ಮಿಲಿಗ್ರಾಂ ಮುಟ್ಟುವುದಿಲ್ಲ, ನಾಲ್ಕು ಪಾಲು ನೀರು ಸೇರಿದ ಮೇಲೆ ಇನ್ನೆಷ್ಟು ಉಳಿದೀತು?

*ರಾಗಿ ಹಾಲನ್ನು ನುಣ್ಣಗೆ ಸೋಸುವುದು.* ರಾಗಿಯ ಕ್ಯಾಲ್ಸಿಯಂ ಬಹುಪಾಲು ಹೊರಸಿಪ್ಪೆಯಲ್ಲಿದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ದನಕ್ಕೆ ಹಾಕಿದರೆ ಲಾಭ ದನಕ್ಕೆ. ದೊಡ್ಡವರಿಗೆ ಇಡೀ ಹಿಟ್ಟಿನ ಮುದ್ದೆ, ಅಂಬಲಿ, ಹುರಿಹಿಟ್ಟು ಒಳ್ಳೆಯದು.

*ಹಾಲು ಬಿಟ್ಟು ದಿನಕ್ಕೆ ಐದು ಸಲ ಕರಿ ಚಹಾ ಕುಡಿಯುವುದು.* ನಮ್ಮ ಸೀಮೆಯಲ್ಲಿ ನನಗೆ ಹೆಚ್ಚು ಭಯವಿರುವುದು ಈ ತಪ್ಪಿನದು. ಚಹಾ ಎಲೆಯಲ್ಲಿ ಫ್ಲೋರೈಡ್ ಇರುತ್ತದೆ. ಬೋರಿನ ನೀರು, ಅದರ ಮೇಲೆ ಚಹಾದ್ದು, ಎರಡನ್ನೂ ತಡೆಯುತ್ತಿದ್ದ ಹಾಲಿನ ಕ್ಯಾಲ್ಸಿಯಂ ಇಲ್ಲ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಚಹಾ ಒಂದೆರಡು ಲೋಟಕ್ಕೆ ನಿಲ್ಲಲಿ, ಶುದ್ಧೀಕರಿಸಿದ ನೀರಿನಲ್ಲೇ ಆಗಲಿ.

*‘ಸಿರಿಧಾನ್ಯ ತಿನ್ನುತ್ತೇನೆ, ಸಾಕು’ ಎನ್ನುವುದು.* ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯದೇ ಬೇರೆ ಜಾತಿ. ನವಣೆ, ಸಜ್ಜೆಗಳಿಗೆ ಬೇರೆ ಗುಣಗಳಿವೆ, ಇದಿಲ್ಲ.

*ಪಾಲಕ್ ಸೊಪ್ಪನ್ನೇ ನಂಬುವುದು.* ಅದರ ಆಕ್ಸಲೇಟ್ ತನ್ನ ಕ್ಯಾಲ್ಸಿಯಂ ಅನ್ನು ತಾನೇ ಬಿಗಿಹಿಡಿಯುತ್ತದೆ. ಬೇಲಿಯ ನುಗ್ಗೆ ಎಷ್ಟೋ ಮೇಲು.

ಎಚ್ಚರಿಕೆ

ವರ್ಷ ತುಂಬದ ಕೂಸಿಗೆ ಎದೆಹಾಲಿನ ಬದಲು ಕಡ್ಲೆಕಾಯಿ ಹಾಲು, ರಾಗಿ ಹಾಲು ಕೊಡಬೇಡಿ. ಭೇದಿಯಾದ ಮಗುವಿಗೆ ಕೆಲವು ವಾರ ಹಾಲು ಆಗದಿರುವುದುಂಟು. ಕರುಳು ಮಾಯ್ದ ಮೇಲೆ ಅದು ಸರಿಹೋಗುತ್ತದೆ, ಅಷ್ಟಕ್ಕೇ ಜನ್ಮವಿಡೀ ಹಾಲು ಬಿಡಿಸಬೇಡಿ. ಎದೆಹಾಲನ್ನಂತೂ ನಿಲ್ಲಿಸಲೇಬೇಡಿ.

ಗರ್ಭಿಣಿಯರು, ಬಾಣಂತಿಯರು ತಾವಾಗಿಯೇ ಬಿಡುವುದು ಬೇಡ. ಆಂಧ್ರದ ಅಂಗನವಾಡಿಗಳಲ್ಲಿ ಹಾಲಿನ ಜೊತೆ ಮೊಟ್ಟೆಯೂ ಸಿಗುತ್ತದೆ, ಹಾಲು ಆಗದಿದ್ದರೆ ಹೇಳಿ, ಮೊಟ್ಟೆ ತಪ್ಪಿಸಬೇಡಿ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಂದೇ ಹೊತ್ತಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಊಟದ ಜೊತೆ ಇರಲಿ, ಕಬ್ಬಿಣ ಬೇರೆ ಹೊತ್ತಿಗೆ. ಮೂತ್ರಪಿಂಡದ ಕಾಯಿಲೆ, ಕಲ್ಲು ಇರುವವರು ಕ್ಯಾಲ್ಸಿಯಂ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬೇಡಿ.

ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಡದ ಜ್ವರ ಇದ್ದರೆ ಅದು ಹಾಲಿನ ಮಾತಲ್ಲ, ತಡಮಾಡದೆ ವೈದ್ಯರನ್ನು ಕಾಣಿ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ಅನುಕೂಲವಿದೆ. 2023ರ ಮಾರ್ಚ್‌ನಲ್ಲಿ ಆಂಧ್ರದ ಸರ್ಕಾರಿ ಶಾಲೆಗಳಲ್ಲಿ ಬೆಲ್ಲ ಹಾಕಿದ ರಾಗಿ ಜಾವ ಕೊಡಲು ಶುರು ಮಾಡಿದರು. ಜಾವ ಅಂದರೆ ನಮ್ಮ ಗಂಜಿಯೇ. ಮಗು ಅದನ್ನು ಕುಡಿಯುತ್ತದೋ ಚೆಲ್ಲುತ್ತದೋ ಕೇಳಿ ತಿಳಿದುಕೊಳ್ಳಿ.

ನೆಂಟರ ಮನೆಯಲ್ಲಿ, ಹೋಟೆಲಿನಲ್ಲಿ

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ನಾವು ಎರಡರಲ್ಲೂ ಹೇಳಲು ಕಲಿತಿರಬೇಕು. ಹೋಟೆಲಿನಲ್ಲಿ ‘ನಾಕು ಪಾಲು ಪಡವು’ ಎಂದರೆ ಸಾಕು, ಹಾಲು ಒಗ್ಗುವುದಿಲ್ಲ ಎಂದು ತಿಳಿಯುತ್ತದೆ. ಅಲರ್ಜಿ ಇರುವ ಮಗುವಿಗಾದರೆ ಪೆರುಗು, ವೆನ್ನ, ನೆಯ್ಯಿ, ಮೀಗಡ, ಜುನ್ನು ಎಲ್ಲವನ್ನೂ ಹೆಸರಿಟ್ಟು ಬೇಡವೆನ್ನಿ. ಮೊಸರು, ಬೆಣ್ಣೆ, ತುಪ್ಪ, ಕೆನೆ, ಗಿಣ್ಣು ಎಂದು ಕ್ರಮವಾಗಿ ಅರ್ಥ. ಹೋಳಿಗೆಯ ಮೇಲೆ ತುಪ್ಪ ಸುರಿಯುವ ಮುಂಚೆ ಎಲೆಗೆ ಕೈ ಅಡ್ಡ ಹಿಡಿಯುವುದನ್ನು ಮಗುವಿಗೂ ಕಲಿಸಿ.

ಹಿರಿಯರ ಮನೆಗೆ ಹೋದಾಗ ಹಾಲು ಬೇಡ ಎಂದರೆ ಅವರಿಗೆ ಬೇಸರವಾಗುತ್ತದೆ, ಕೊಟ್ಟದ್ದನ್ನು ತಳ್ಳಿದಂತೆ. ಲೋಟ ಕೈಗೆ ಬರುವವರೆಗೆ ಕಾಯಬೇಡಿ. ಚಪ್ಪಲಿ ಬಿಡುವಾಗಲೇ ‘ಅಜ್ಜೀ, ಹಾಲು ಮೈಗೆ ಆಗವಲ್ದು, ಒಂದು ಚೂರು ಬೆಲ್ಲ ಒಂದು ಚೊಂಬು ನೀರು ಕೊಡಮ್ಮ’ ಅನ್ನಿ. ಬಿಸಿಲಲ್ಲಿ ಬಂದವರಿಗೆ ಮೊದಲು ಅದನ್ನೇ ಕೊಡುತ್ತಿದ್ದ ಕಾಲ ಅವರಿಗೆ ನೆನಪಿದೆ. ನನಗೆ ಅಮರಾಪುರದ ಕಡೆ ಒಬ್ಬ ಅಜ್ಜಿ ಬೆಲ್ಲದ ಜೊತೆ ಒಂದು ಹಿಡಿ ಹುರಿದ ಎಳ್ಳನ್ನೂ ಇಟ್ಟುಕೊಟ್ಟರು.